ಬೆಳ್ಳಗಿದ್ದದ್ದೆಲ್ಲ ಅಲ್ಬಿನೊ ಅಲ್ಲ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಮೂರನೇ ವಾರ ಬಂತೆಂದರೆ ಅಮೆರಿಕದ ಸೌತ್ ಡಕೋಟಾದಲ್ಲಿ ಫೆಸೆಂಟ್ ಎಂಬ ಕೋಳಿಜಾತಿಯ ಹಕ್ಕಿಯ ಬೇಟೆಯ ಹಂಗಾಮು. ಅದರ ಬೆನ್ನಿಗೇ ಹಾಲಿನಂಥ ಬಿಳಿ, ಕಾಡಿಗೆಯಂಥ ಕಪ್ಪು, ಅಲ್ಲಲ್ಲಿ ಸುಣ್ಣ ಎರಚಿದಂಥ ಹಕ್ಕಿಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೆಲವೊಮ್ಮೆ ನಮ್ಮ ಪತ್ರಿಕೆಗಳ ಪುಟಕ್ಕೂ ಬಂದು ಕೂರುತ್ತವೆ. ಅಡಿಬರಹ ಬಹುಮಟ್ಟಿಗೆ ಒಂದೇ: ‘ಅಪರೂಪದ ಅಲ್ಬಿನೊ’. ಇಲ್ಲವೇ ‘ಹೊಸ ತಳಿ ಪತ್ತೆ’. ಹೆಚ್ಚಿನ ಸಲ ಎರಡೂ ತಪ್ಪು. ಫೆಸೆಂಟು, ನಮ್ಮ ನವಿಲು, ಕಾಡುಕೋಳಿ ಮೂರೂ ಒಂದೇ ಕುಟುಂಬದವು. ಅಲ್ಲಿ ಆದ ತಪ್ಪು ನಮ್ಮ ನವಿಲಿನ ಚಿತ್ರದ ಕೆಳಗೂ ಬಂದು ಕೂರುತ್ತಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ಮೊದಲು, ಬಣ್ಣಗೇಡು (ಮೈಬಣ್ಣ ಕೂಡುವಲ್ಲಿ ಆದ ಏರುಪೇರು) ಅಲ್ಲದ್ದನ್ನು ಬೇರೆ ಇಡಬೇಕು. ಅಮೆರಿಕದ ಫೆಸೆಂಟು ಅಲ್ಲಿನ ಮೂಲ ಹಕ್ಕಿಯಲ್ಲ. ಶಾಂಘೈನಲ್ಲಿದ್ದ ಅಮೆರಿಕದ ಕಾನ್ಸಲ್ (ರಾಯಭಾರ ಅಧಿಕಾರಿ) ಓವನ್ ಡೆನ್ನಿ 1881–82ರಲ್ಲಿ ಹಡಗಿನಲ್ಲಿ ಆರೆಗಾನ್‌ಗೆ ಕಳುಹಿಸಿದ ಚೀನಾದ ಹಕ್ಕಿಗಳು ಅಲ್ಲಿ ನೆಲೆಯೂರಿದವು. ಆಮೇಲೆ ಸಾಕಣೆದಾರರು ಬೇರೆ ಬೇರೆ ಸೀಮೆಯ ರಕ್ತವನ್ನೂ ಬೆರೆಸಿದರು. ಚೀನಾ ಕಡೆಯ ಹುಂಜಕ್ಕೆ ಕುತ್ತಿಗೆಯ ಸುತ್ತ ಬಿಳಿ ಉಂಗುರ, ಬೆನ್ನಿನ ಕೆಳಭಾಗ ಬೂದು-ಹಸಿರು. ಕಕೇಶಸ್ ಕಡೆಯದಕ್ಕೆ ಉಂಗುರವೇ ಇಲ್ಲ, ಬೆನ್ನಿನ ಕೆಳಭಾಗ ತಾಮ್ರಗೆಂಪು. ಕಜಕಿಸ್ತಾನದ ಕಡೆಯ, ‘ಮಂಗೋಲಿಯನ್’ ಎಂದು ತಪ್ಪು ಹೆಸರು ಹೊತ್ತಿರುವ ಬಗೆಗೆ ರೆಕ್ಕೆಯ ಮೇಲುಗರಿಗಳೇ ಬಿಳಿ. ಆದ್ದರಿಂದ ಉಂಗುರ ಅರ್ಧಕ್ಕೆ ಕಡಿದಿದ್ದರೆ, ಭುಜದ ಬಳಿ ಎರಡೂ ಕಡೆ ಸಮನಾಗಿ ಬೆಳ್ಳಗಿದ್ದರೆ, ಅದು ಅಜ್ಜ-ಮುತ್ತಜ್ಜರಿಂದ ಬಂದ ಬಣ್ಣ, ಬಣ್ಣಗೇಡಲ್ಲ. ‘ಅರ್ಧ ಅಲ್ಬಿನೊ’ ಎಂದು ಕರೆಯುವ ಎಷ್ಟೋ ಹಕ್ಕಿಗಳು ಈ ಗುಂಪಿನವು.

ಈಗ ನಿಜವಾದ ಬಿಳುಪು. ನೋಡಬೇಕಾದ್ದು ಗರಿಯನ್ನಲ್ಲ, ಕಣ್ಣನ್ನು. ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸುವ ಟೈರೋಸಿನೇಸ್ ಕಿಣ್ವವೇ ಕೆಲಸ ಮಾಡದಿದ್ದರೆ ಗರಿ, ಚರ್ಮ, ಕಣ್ಣು ಎಲ್ಲೆಡೆಯೂ ಮೆಲನಿನ್ ಇರುವುದಿಲ್ಲ; ಒಳಗಿನ ರಕ್ತನಾಳ ಕಂಡು ಕಣ್ಣು ಕೆಂಪಗಿರುತ್ತದೆ. ಅದು ಮಾತ್ರ ಅಲ್ಬಿನೊ. ಮೆಲನಿನ್ ಜೀವಕೋಶಗಳು ಭ್ರೂಣದಲ್ಲಿ ಚರ್ಮದವರೆಗೆ ತಲುಪದೆ ಹೋದರೆ ಗರಿ ಬಿಳಿಯಾದರೂ ಕಣ್ಣು ಎಂದಿನಂತೆ ಕಪ್ಪು-ಕಂದು. ಕಣ್ಣಿನ ಒಳಪರೆಯ ಬಣ್ಣದ ಕೋಶಗಳು ಬೇರೆಡೆಯಿಂದ ಬರುವುದೇ ಕಾರಣ. ಇದು ಲ್ಯೂಸಿಸಂ. ವಯಸ್ಸಾದಂತೆ, ಪ್ರತಿ ಸಲ ಗರಿ ಉದುರಿ ಹೊಸದು ಬಂದಾಗಲೂ ಬಿಳುಪು ಹೆಚ್ಚುತ್ತಾ ಹೋಗುವ ‘ನರೆ’ ಇನ್ನೊಂದು ಬಗೆ. ಅಲ್ಬಿನೊ ಹಕ್ಕಿ ಬಯಲಿನಲ್ಲಿ ಬಹುಕಾಲ ಬಾಳುವುದು ಕಷ್ಟ: ಕಣ್ಣಿನ ದೃಷ್ಟಿ ಮಂದ, ಮೆಲನಿನ್ ಇಲ್ಲದ ಗರಿ ಬೇಗ ಸವೆಯುತ್ತದೆ. ಹೀಗಾಗಿ ದಷ್ಟಪುಷ್ಟವಾಗಿ ಬೆಳೆದ ಬಿಳಿ ಹುಂಜ ಸಿಕ್ಕರೆ ಅದು ಅಲ್ಬಿನೊ ಅಲ್ಲ ಎಂದೇ ಮೊದಲು ಊಹಿಸುವುದು ಸರಿ.

ಅಷ್ಟೇ ಅಲ್ಲ, ಅದು ಸಾಕಣೆ ಕೇಂದ್ರದಿಂದ ಬಂದದ್ದೂ ಆಗಿರಬಹುದು. ಬಿಳಿ ಫೆಸೆಂಟನ್ನು ಮಾಂಸಕ್ಕೆಂದೇ ಸಾಕುತ್ತಾರೆ. ಪುಕ್ಕ ತರಿದ ಮೇಲೆ ಚರ್ಮದಲ್ಲಿ ಕಪ್ಪು ಮೊಳಕೆಗರಿಗಳ ಕಲೆ ಉಳಿಯುವುದಿಲ್ಲ. ಇಂಗ್ಲೆಂಡಿನ ಬೇಟೆ ಎಸ್ಟೇಟುಗಳಲ್ಲಿ ಬಿಡುವ ಹಕ್ಕಿಗಳ ಜೊತೆ ಕೆಲವು ಬಿಳಿಯವನ್ನು ಸೇರಿಸುವ ರೂಢಿಯಿದೆ. ಹಿಂಡು ಎಷ್ಟು ದೂರ ಅಲೆಯುತ್ತದೆ ಎಂದು ಕಾವಲುಗಾರನಿಗೆ ದೂರದಿಂದಲೇ ತಿಳಿಯುತ್ತದೆ. ಅಂಥದ್ದಕ್ಕೆ ಗುಂಡು ಹೊಡೆದವನಿಗೆ ಕೆಲವೆಡೆ ದಂಡ.

ಕಪ್ಪು ಬಗೆಯ ಕಥೆ ಬೇರೆ. ಮೆಲನಿಸ್ಟಿಕ್, ಅಂದರೆ ಮೆಲನಿನ್ ಹೆಚ್ಚಾದ ಹುಂಜದ ಇಡೀ ಮೈ ನೀಲಿ-ಹಸಿರು-ನೇರಳೆ ಹೊಳಪಿನ ಕಪ್ಪು, ಉಂಗುರವಿಲ್ಲ. ಹೇಂಟೆ ಕಡು ಕಂದು, ದೂರಕ್ಕೆ ಕಪ್ಪೇ. ಇದನ್ನು ಜಪಾನಿನ ಹಸಿರು ಫೆಸೆಂಟಿನ ಮಿಶ್ರತಳಿ ಎನ್ನುವವರಿದ್ದಾರೆ. ಅಲ್ಲ, ಇದು ಸಾಮಾನ್ಯ ಫೆಸೆಂಟಿನಲ್ಲೇ ಹುಟ್ಟಿದ ಬದಲಾವಣೆ. ಎರಡು ಕಪ್ಪು ಹಕ್ಕಿ ಕೂಡಿದರೆ ಮರಿಗಳೂ ಕಪ್ಪೇ. ಕೆನೆಬಣ್ಣದ ಮೈಮೇಲೆ ಕಪ್ಪು ಚುಕ್ಕೆಯ ‘ಬೊಹೀಮಿಯನ್’ ಎಂಬುದೊಂದಿದೆ. ನೋಡಲು ಚೆಂದ, ಅಷ್ಟೇ. ನಮ್ಮ ಕರಾವಳಿಯಲ್ಲಿ ಹುಂಜಗಳನ್ನು ಬೊಳ್ಳೆ, ಮೈರೆ, ಕುಪ್ಪುಳ ಎಂದು ಬಣ್ಣದಿಂದಲೇ ಹೆಸರಿಟ್ಟು ಗುರುತಿಸುವ ಜನಕ್ಕೆ ಇವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜಕ್ಕೂ ಪತ್ರಿಕೆಯಲ್ಲಿ ಬರಬೇಕಾದ ಹಕ್ಕಿ ಬೇರೊಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ: ಹುಂಜದ ವೇಷ ತೊಟ್ಟ ಹೇಂಟೆ. ಕೋಳಿಜಾತಿಯಲ್ಲಿ ಝಗಝಗಿಸುವ ಹುಂಜದ ಗರಿ ಗಂಡು ಹಾರ್ಮೋನಿನಿಂದ ಬರುವುದಲ್ಲ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಲ್ಲದಿದ್ದರೆ ಮೈ ತಾನಾಗಿ ತೊಡುವ ಗರಿಯೇ ಅದು. ಈಸ್ಟ್ರೋಜನ್ ಇದ್ದರೆ ಹೇಂಟೆಯ ಮಣ್ಣುಬಣ್ಣ. ಹಕ್ಕಿಗಳಲ್ಲಿ ಸಾಮಾನ್ಯವಾಗಿ ಎಡ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ರೋಗದಿಂದಲೋ ಗೆಡ್ಡೆಯಿಂದಲೋ ಅದು ಸೊರಗಿದರೆ, ಮುಂದಿನ ಸಲ ಗರಿ ಉದುರಿದಾಗ ಕೆಂಪುಕಂದು ಎದೆ, ಹಸಿರು ತಲೆ, ಅರೆಬರೆ ಉಂಗುರ ಮೂಡುತ್ತವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ 1780ರಲ್ಲೇ ರಾಯಲ್ ಸೊಸೈಟಿಗೆ ಇಂಥ ಹೇಂಟೆಯ ವರದಿ ಕೊಟ್ಟು, ಇದು ಮುಪ್ಪಿನ ಲಕ್ಷಣವೆಂದರು. 1827ರಲ್ಲಿ ಅಲ್ಲಿನದೇ ನಿಸರ್ಗತಜ್ಞ ವಿಲಿಯಂ ಯಾರೆಲ್ ಹಕ್ಕಿಗಳನ್ನು ಕೊಯ್ದು ನೋಡಿ, ಅಂಡಾಶಯ ಕೆಟ್ಟರೆ ಯಾವ ವಯಸ್ಸಿನಲ್ಲೂ ಹೀಗಾಗುತ್ತದೆ ಎಂದು ತೋರಿಸಿದರು. ಗುರುತು ಹೀಗೆ: ಬಣ್ಣ ಹುಂಜದ್ದು, ಆದರೆ ಮಾಸಲು, ಗಾತ್ರ ಹೇಂಟೆಯದು, ತೂಕ ಒಂದು ಕಿಲೊ ಆಸುಪಾಸು, ಮುಖದ ಕೆಂಪು ತೊಗಲು ಚಿಕ್ಕದು. ಹೊಟ್ಟೆ ತೆರೆದಾಗ ಎಡ ಮೂತ್ರಪಿಂಡದ ಮುಂತುದಿಯ ಮೇಲೆ ಸಣ್ಣ ದ್ರಾಕ್ಷಿಗೊಂಚಲಿನಂಥ ಅಂಡಾಶಯ ಕಾಣಬೇಕು. ಇಂಥದರಲ್ಲಿ ಅದು ಮುದುಡಿರುತ್ತದೆ. ಕರುಳು ತೆಗೆಯುವ ಅವಸರದಲ್ಲಿ ಈ ಸಾಕ್ಷಿಯೇ ಮೊದಲು ಕಸಕ್ಕೆ ಹೋಗುತ್ತದೆ ಎಂಬುದು ದುಃಖದ ಸಂಗತಿ.

ಸೌತ್ ಡಕೋಟಾದಲ್ಲಿ ಹೊಡೆಯಬಹುದಾದದ್ದು ಹುಂಜ ಮಾತ್ರ, ದಿನಕ್ಕೆ 3. ಸಾಗಿಸುವಾಗ ಗಂಡೆಂದು ತೋರಿಸಲು ತಲೆಯನ್ನೋ ಪುಕ್ಕವಿರುವ ರೆಕ್ಕೆಯನ್ನೋ ಪಾದವನ್ನೋ ಕತ್ತರಿಸದೆ ಬಿಡಬೇಕು. ಬಣ್ಣ ಬದಲಾದ ಹಕ್ಕಿಯಲ್ಲಿ ತೊಂದರೆಯಾಗುವುದು ಇಲ್ಲೇ. ಆಕಾಶಕ್ಕೆ ಎದುರಾಗಿ ಎದ್ದ ಕಪ್ಪು ಹೇಂಟೆ ಹುಂಜದಂತೆಯೇ ಕಾಣುತ್ತದೆ. ಬಿಳಿ ಹಕ್ಕಿಯ ರೆಕ್ಕೆಯಿಂದ ಗಂಡೋ ಹೆಣ್ಣೋ ಯಾರೂ ಹೇಳಲಾರರು. ಆದ್ದರಿಂದ ಅಲ್ಲಿ ಬೇಟೆಗೆ ಹೋಗುವ ಕನ್ನಡಿಗರಿದ್ದರೆ ಒಂದು ಮಾತು: ಬಣ್ಣವನ್ನು ನಂಬಬೇಡಿ, ಉದ್ದ ಬಾಲ, ಕೆಂಪು ಮುಖ, ಎದ್ದಾಗಿನ ಕೂಗು ಮೂರನ್ನೂ ನೋಡಿ. ಅನುಮಾನವಿದ್ದರೆ ಬಂದೂಕು ಇಳಿಸಿ. ವಿಚಿತ್ರ ಬಣ್ಣದ್ದು ಕೈಗೆ ಬಂದರೆ ತಲೆ, ಮುಳ್ಳಿರುವ ಪಾದ ಎರಡನ್ನೂ ಉಳಿಸಿ. ಹಗಲು ಬೆಳಕಿನಲ್ಲಿ ಕಣ್ಣು, ಕೊಕ್ಕು, ಕಾಲು, ಬಿಚ್ಚಿದ ಎರಡೂ ರೆಕ್ಕೆ, ಬೆನ್ನಿನ ಕೆಳಭಾಗ ಇವುಗಳ ಚಿತ್ರ ತೆಗೆಯಿರಿ. ಸತ್ತ ಮೇಲೆ ಕಣ್ಣಿನ ಬಣ್ಣ ಬೇಗ ಮಾಸುವುದರಿಂದ ಅದನ್ನು ಮೊದಲು. ಮ್ಯೂಸಿಯಂಗೆ ಕೊಡುವುದಾದರೆ ತೊಳೆಯದೆ, ಕೊಯ್ಯದೆ, ದಿನಾಂಕ ಮತ್ತು ಸ್ಥಳ ಬರೆದ ಚೀಟಿಯೊಂದಿಗೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯ ಮಾತೇ ಇಲ್ಲ, ಕ್ಯಾಮೆರಾ ಸಾಕು. ಆದರೆ ಮೃಗಾಲಯಗಳ ಬಿಳಿ ನವಿಲನ್ನು ಇಂದಿಗೂ ಅಲ್ಬಿನೊ ಎಂದೇ ಬರೆಯುತ್ತೇವೆ. ಅದರ ಕಣ್ಣು ಕೆಂಪಲ್ಲ; ಅದು ಅಪ್ರಬಲ ಗುಣದಿಂದ, ಅಂದರೆ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವ ಗುಣದಿಂದ ಬಂದ ಲ್ಯೂಸಿಸಂ. ನೋಡಲು ಮಾಮೂಲಿಯಾಗಿದ್ದು ಆ ಗುಣವನ್ನು ಒಳಗೆ ಹೊತ್ತ ಜೋಡಿಗೂ ಸರಾಸರಿ 4 ಮರಿಗೆ 1 ಬಿಳಿ ಹುಟ್ಟಬಹುದು. ‘ಹೊಸ ತಳಿ’ಯ ಅವಸರಕ್ಕೂ ನವಿಲಿನಲ್ಲೇ ಉದಾಹರಣೆಯಿದೆ. ರೆಕ್ಕೆ ಕಪ್ಪಾದ ನವಿಲನ್ನು 1860ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಸ್ಕ್ಲೇಟರ್ ಬೇರೆ ಪ್ರಭೇದವೆಂದೇ ಹೆಸರಿಸಿದ್ದರು. ಮಾಮೂಲಿ ನವಿಲುಗಳ ಹಿಂಡಿನಲ್ಲೇ ಅಂಥ ಮರಿಗಳು ಹುಟ್ಟುತ್ತವೆಂದು ಆಮೇಲೆ ಡಾರ್ವಿನ್ ತೋರಿಸಿದರು.

ಆದ್ದರಿಂದ ಸುದ್ದಿಮನೆಯಲ್ಲಿ ಅಡಿಬರಹ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಚಿತ್ರದಲ್ಲಿ ಕಣ್ಣು ಕೆಂಪಗೆ ಸ್ಪಷ್ಟವಾಗಿ ಕಾಣದಿದ್ದರೆ ‘ಬಿಳಿ ನವಿಲು’, ‘ಬಿಳಿ ಫೆಸೆಂಟ್’ ಎಂದಷ್ಟೇ ಬರೆಯಿರಿ.

— ಓದುಗ, ಮೈಸೂರು