ಒಣಗಿಹೋಗಿದೆ ಅಂತ ಬರೆದೆಯಲ್ಲ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರ, ನನ್ನ ಕಣ್ಣಿನ ಸಮಾಚಾರ ಎಲ್ಲ ನಿನ್ನಮ್ಮ ಹೇಳಿರುತ್ತಾಳೆ. ಅದನ್ನೇ ಮತ್ತೆ ಬರೆದು ಹಾಳೆ ತುಂಬಿಸುವುದಿಲ್ಲ. ನಿನ್ನ ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಸುಖವಾಗಿ ಓದಿದೆ. ಆಮೇಲೆ ಆ ಸಾಲು ಬಂತು. ಸಿನಿಮಾ ಮುಗಿದಾಗ ಅಕ್ಕಪಕ್ಕದವರೆಲ್ಲ ಕಣ್ಣು ಒರೆಸಿಕೊಳ್ತಿದ್ದರು, ನಾನೊಬ್ಬ ಮಾತ್ರ ಕೊನೆಯ ದೃಶ್ಯದಲ್ಲಿ ಎಷ್ಟು ಕಟ್ ಇತ್ತು, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಷ್ಟು ಸಲ ಹಾರಿತು ಅಂತ ಎಣಿಸ್ತಿದ್ದೆ, ನನ್ನೊಳಗೆ ಏನೋ ಒಣಗಿಹೋಗಿದೆಯೇನೋ ಅಂತ ಹೆದರಿಕೆ ದೊಡ್ಡಮ್ಮಾ, ಅಂತ. ಅದರ ಕೆಳಗೆ 'ಸುಮ್ನೆ ತಮಾಷೆಗೆ' ಅಂತ ಬೇರೆ ಸೇರಿಸಿದ್ದೀಯ. ತಮಾಷೆಗೆ ಬರೆಯುವವರು ಅಕ್ಷರವನ್ನು ಅಷ್ಟು ಸಣ್ಣದು ಮಾಡುವುದಿಲ್ಲ.

ಮೊದಲು ನಗು ಬಂತು. 24 ವರ್ಷಕ್ಕೆ ಒಣಗುವುದೇನು ಬಂತು ಅಂದುಕೊಂಡೆ. ರಾತ್ರಿ ಮಲಗಿದ ಮೇಲೆ ನಗು ಹೋಯಿತು. ಈ ಹುಚ್ಚು ನಿನಗೆ ಹತ್ತಿಸಿದವಳು ನಾನೇ ಅಲ್ವಾ. ಬೇರೆ ಮಕ್ಕಳು ಹೊರಗೆ ಆಡುತ್ತಿದ್ದಾಗ ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂಕಿ ಚಿತ್ರ ಹಾಕುತ್ತಿದ್ದೆ. 'ದಿ ಜನರಲ್' ನೋಡಿದ್ದು ನೆನಪಿದೆಯಾ? ಬಸ್ಟರ್ ಕೀಟನ್ ಓಡುವ ರೈಲಿನ ಮೂತಿಯ ಮೇಲೆ ಕೂತು, ಹಳಿಯ ಮೇಲೆ ಬಿದ್ದಿದ್ದ ದಿಮ್ಮಿಯನ್ನು ಇನ್ನೊಂದು ದಿಮ್ಮಿ ಎಸೆದು ಹಾರಿಸಿದಾಗ ನೀನು ಸೋಫಾ ಮೇಲೆ ಎದ್ದು ನಿಂತಿದ್ದೆ. ಆಗ ನಿನಗೆ ಕಟ್ ಅಂದರೆ ಏನಂತಲೇ ಗೊತ್ತಿರಲಿಲ್ಲ.

ಎಣಿಸಲು ಕಲಿಸಿದವಳೂ ನಾನೇ. 1930ರಿಂದ 1960ರವರೆಗೆ ಹಾಲಿವುಡ್‌ನಲ್ಲಿ ಒಂದು ಶಾಟ್, ಅಂದರೆ ಎರಡು ಕಟ್‌ಗಳ ನಡುವಿನ ತುಣುಕು, ಸರಾಸರಿ 8ರಿಂದ 11 ಸೆಕೆಂಡ್ ನಿಲ್ಲುತ್ತಿತ್ತು, ಆ ಶತಮಾನ ಮುಗಿಯುವ ಹೊತ್ತಿಗೆ ಅದು 3ರಿಂದ 6 ಸೆಕೆಂಡಿಗೆ ಇಳಿದಿತ್ತು ಅಂತ ಎಲ್ಲೋ ಓದಿ, ದೊಡ್ಡ ಅಸ್ತ್ರ ಸಿಕ್ಕಿದವಳ ಹಾಗೆ ನಿನ್ನ ಮುಂದೆ ಬೀಸಿದ್ದೆ. ನೋಡೋ, ಈಗಿನವರಿಗೆ ಒಂದು ಮುಖದ ಮೇಲೆ ನಿಲ್ಲುವ ಧೈರ್ಯ ಇಲ್ಲ ಅಂದಿದ್ದೆ. ಆ ಮಾತನ್ನು ಈಗಲೂ ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಫ್ರಾನ್ಸಿನಲ್ಲಿ ಜೀವಂತ ಸುಟ್ಟ ಹುಡುಗಿ ಜೋನ್ ಆಫ್ ಆರ್ಕ್ ಬಗ್ಗೆ ಡೆನ್ಮಾರ್ಕಿನ ನಿರ್ದೇಶಕ ಡ್ರೇಯರ್ 1928ರಲ್ಲಿ ಮಾಡಿದ ಮೂಕಿ ಚಿತ್ರ ಇದೆಯಲ್ಲ, ಮುಖದ ಮೇಲೆ ಕ್ಯಾಮೆರಾ ನಿಲ್ಲುವುದು ಅಂದರೆ ಇದು ಅಂತ ನಾನು ಕೈ ಮುಗಿದು ತೋರಿಸಿದ್ದು, ಅದರಲ್ಲಿ 1500ಕ್ಕೂ ಜಾಸ್ತಿ ಕಟ್‌ಗಳಿವೆ. ಈಗಿನ ಹೊಡೆದಾಟದ ಸಿನಿಮಾಗಳ ಪಕ್ಕದಲ್ಲೇ ಕೂರುವಷ್ಟು. ಆದರೂ ಆ ಹುಡುಗಿಯ ಮುಖ ಗಂಟೆಗಟ್ಟಲೆ ನೋಡಿದ ಹಾಗೆ ಮನಸ್ಸಿನಲ್ಲಿ ಉಳಿಯುತ್ತದೆ. ಎಣಿಕೆಗೆ ಸಿಗದ್ದು ಏನೋ ಇದೆ ಅಂತ ನನಗೆ ಗೊತ್ತಿತ್ತು. ವಾದ ಗೆಲ್ಲಬೇಕಿತ್ತು, ಅದಕ್ಕೇ ಹೇಳಲಿಲ್ಲ.

ಹಾಗಾಗಿ ನೀನು ಎಣಿಸುತ್ತಾ ಕೂತದ್ದು ಒಣಗಿದ್ದಕ್ಕಲ್ಲ ಕಣೋ. ಕೈಗೆ ಕೊಟ್ಟ ಆಟಿಕೆಯನ್ನು ಬಿಡಲಾಗದೆ ಕೂತಿದ್ದೀಯ, ಅಷ್ಟೇ. ಹೀಗೆ ಬರೆದ ಮೇಲೂ ನನಗೆ ಸಮಾಧಾನ ಆಗುತ್ತಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಳೆಯದೆಲ್ಲ ಚಿನ್ನ ಅಂತ ನಿನಗೆ ಹೇಳುತ್ತಾ ಬಂದೆನಲ್ಲ, ಅದೂ ಅರ್ಧ ಸುಳ್ಳು. ಹಳೆಯ ಚಿತ್ರಗಳಲ್ಲೂ ರಾಶಿ ರಾಶಿ ಕಸ ಇತ್ತು. ನಾಯಕ ನಾಯಕಿಗೆ ಕೆನ್ನೆಗೆ ಬಾರಿಸಿದರೆ ಅದನ್ನೇ ಪ್ರೀತಿ ಅಂತ ತೋರಿಸುತ್ತಿದ್ದರು, ನಾನೂ ಚಪ್ಪಾಳೆ ತಟ್ಟಿದ್ದೇನೆ. ಕಾಲ ಜರಡಿ ಹಿಡಿದು ಒಳ್ಳೆಯದನ್ನು ಉಳಿಸಿತು ಅನ್ನುತ್ತಾರೆ. ಎಂಥ ಜರಡಿ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿಸಿ ಹೇಳಿತು, ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಶೇಕಡಾ 70ರಷ್ಟು ಪೂರ್ತಿ ಕಳೆದುಹೋಗಿವೆ ಅಂತ. ಆಗಿನ ನೈಟ್ರೇಟ್ ರೀಲು ಬೇಗ ಹೊತ್ತಿ ಉರಿಯುತ್ತಿತ್ತು, ಉರಿಯದಿದ್ದರೆ ಕೊಳೆತು ಪುಡಿಯಾಗುತ್ತಿತ್ತು. ರೀಲಿನಲ್ಲಿದ್ದ ಬೆಳ್ಳಿ ತೆಗೆಯಲು ಕರಗಿಸಿದವರೂ ಇದ್ದರು. ಮೂಕಿ ಕಾಲದ ಫ್ರೆಂಚ್ ನಿರ್ದೇಶಕ ಮೆಲಿಯೆಸ್ 1923ರಲ್ಲಿ ತನ್ನ ನೆಗೆಟಿವ್‌ಗಳಿಗೆ ತಾನೇ ಬೆಂಕಿ ಇಟ್ಟ. ಡ್ರೇಯರ್‌ನ ಆ ಚಿತ್ರದ ಮೂಲ ನೆಗೆಟಿವ್ ಕೂಡ ಸುಟ್ಟುಹೋಗಿತ್ತು. ಅವನು ಮೊದಲು ಮಾಡಿದ್ದ ರೂಪದ ಒಂದು ಪ್ರತಿ 1981ರಲ್ಲಿ ಸಿಕ್ಕಿದ್ದು ಎಲ್ಲಿ ಗೊತ್ತಾ? ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ. ಇದು ಜರಡಿಯಾ? ಲಾಟರಿ.

ಉಳಿದವಕ್ಕಾದರೂ ಆಗಿನವರು ಮರ್ಯಾದೆ ಕೊಟ್ಟರಾ ಅಂದರೆ ಅದೂ ಇಲ್ಲ. ನೀನು ಸೋಫಾ ಮೇಲೆ ನಿಂತು ನೋಡಿದ 'ದಿ ಜನರಲ್' 1926ರಲ್ಲಿ ಬಂದು ಸೋತಿತು. ಆಮೇಲೆ ಕೀಟನ್‌ಗೆ ತನಗೆ ಬೇಕಾದ ಹಾಗೆ ಚಿತ್ರ ಮಾಡುವ ಸ್ವಾತಂತ್ರ್ಯವೇ ಹೋಯಿತು. ಅದನ್ನು ನೋಡಿ ತುಟಿ ಬಿಗಿ ಹಿಡಿದು ಹೊರಗೆ ಬಂದವರು ಎಷ್ಟು ಜನ ಇದ್ದರೋ. ಅವರೆಲ್ಲ ಒಣಗಿದವರಾ? ನನ್ನ ಹಾಗೆ ಎಲ್ಲ ಗೊತ್ತು ಅಂದುಕೊಂಡವರು ಇರಬೇಕು. ಟಾಕಿ ಬಂದಾಗಲೂ ಅಷ್ಟೇ. ಮಾತು ಬಂದು ಕಲೆ ಸತ್ತಿತು ಅಂತ ಆಗಿನ ದೊಡ್ಡಮ್ಮಂದಿರು ಗೋಳಾಡಿದ್ದರು. ಚಾಪ್ಲಿನ್ 1931ರಲ್ಲೂ ಹಟ ಹಿಡಿದು ಮಾತಿಲ್ಲದ ಚಿತ್ರವನ್ನೇ ಮಾಡಿದ. ಅವನದು ಪೂರ್ತಿ ಮಾತಿನ ಚಿತ್ರ ಬರಲು 1940 ಆಗಬೇಕಾಯಿತು. ಚಾಪ್ಲಿನ್‌ಗೆ ಹಟ ಒಪ್ಪುತ್ತದೆ. ಅವನು ಹಟದಿಂದ ಏನೋ ಮಾಡಿದ. ನಾನು ಹಟದಿಂದ ಮನೆಯಲ್ಲಿ ಕೂತೆ.

ಇದನ್ನು ನಿನಗೆ ಹೇಳಿಲ್ಲ. ಸುಮಾರು ಎಂಟು ವರ್ಷ ನಾನು ಒಂದೇ ಒಂದು ಹೊಸ ಸಿನಿಮಾ ನೋಡಲಿಲ್ಲ. ಯಾರಾದರೂ ಕರೆದರೆ, ಅಯ್ಯೋ ಅದನ್ನೆಲ್ಲ ಯಾರು ನೋಡ್ತಾರೆ ಅನ್ನುತ್ತಿದ್ದೆ. ಅದೊಂದು ಹೆಮ್ಮೆ. ಆಗ ನಾನೂ ನಿನ್ನ ಹಾಗೇ ಕೇಳಿಕೊಂಡಿದ್ದೆ, ಒಣಗಿದೆನಾ ಅಂತ. ನಿನ್ನ ಪದವನ್ನೇ ಬಳಸಿದ್ದೆ ಅಂತ ಹೇಳಲಾರೆ, ಆದರೆ ಅದೇ ಹೆದರಿಕೆ. ಈಗ ಯೋಚಿಸಿದರೆ ಬೇರೆ ಅನ್ನಿಸುತ್ತದೆ. ಹಳೆಯ ಚಿತ್ರವನ್ನು ಸಾವಿರ ಜನ ಮೊದಲೇ ನೋಡಿ ಮುದ್ರೆ ಒತ್ತಿ ಕೊಟ್ಟಿರುತ್ತಾರೆ. ಎಲ್ಲಿ ಬೆರಗಾಗಬೇಕು, ಎಲ್ಲಿ ಅಳಬೇಕು, ಎಲ್ಲ ಬರೆದಿಟ್ಟಿರುತ್ತಾರೆ. ಅಲ್ಲಿ ಅತ್ತರೆ ಯಾರೂ ನಗುವುದಿಲ್ಲ. ಹೊಸದರ ಮುಂದೆ ಹಾಗಲ್ಲ. ನಿನಗೆ ಹಿಡಿಸಿತಾ ಇಲ್ಲವಾ ಅಂತ ನೀನೊಬ್ಬನೇ ಹೇಳಬೇಕು. ತಪ್ಪಿದರೆ ಮರ್ಯಾದೆ ಹೋಗುತ್ತದೆ. ತಪ್ಪು ಹುಡುಕುತ್ತಾ ಕೂತರೆ ಹೋಗುವುದಿಲ್ಲ. ನಾನು ಹೆದರಿದ್ದೆ ಪುಟ್ಟಾ.

ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಮಾಡುವ ಪಟ್ಟಿಯನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ, ನೀನೂ ನೋಡಿದ್ದೀಯ. ಮೊದಲ ಸಲ 1952ರಲ್ಲಿ ಮಾಡಿದಾಗ ಮೇಲೆ ಬಂದದ್ದು 'ಬೈಸಿಕಲ್ ಥೀವ್ಸ್'. ಅದು ತೆರೆಗೆ ಬಂದದ್ದು 1948ರಲ್ಲಿ. ಮೊನ್ನೆ ಆ ಪುಟ ತೆರೆದಾಗಲೇ ಹೊಳೆಯಿತು, ಬರೀ ನಾಲ್ಕು ವರ್ಷದ ಸಿನಿಮಾ! ನಮ್ಮ ಪಾಲಿಗೆ ಕ್ಲಾಸಿಕ್, ಅವರ ಪಾಲಿಗೆ ಹೊಸದು. ಅದನ್ನೇ ಎಲ್ಲಕ್ಕಿಂತ ಮೇಲೆ ಇಡುವ ಎದೆ ಅವರಿಗಿತ್ತು. 'ವರ್ಟಿಗೋ'ಗೆ 1958ರಲ್ಲಿ ಅಷ್ಟಕ್ಕಷ್ಟೇ ಅನ್ನಿಸಿಕೊಂಡು, 2012ರಲ್ಲಿ ಆ ಜಾಗಕ್ಕೆ ಬರಲು 54 ವರ್ಷ ಬೇಕಾಯಿತು. 2022ರಲ್ಲಿ ಅದನ್ನೂ ಕೆಳಗಿಳಿಸಿ, ಶಾಂತಲ್ ಅಕೆರ್ಮನ್ ಅನ್ನುವ ಹೆಂಗಸು 1975ರಲ್ಲಿ ಮಾಡಿದ ಚಿತ್ರ ಬಂತು. 201 ನಿಮಿಷ, ಒಬ್ಬ ಗೃಹಿಣಿ ಮನೆಕೆಲಸ ಮಾಡುತ್ತಲೇ ಇರುತ್ತಾಳೆ. ನಾನು ಎರಡು ದಿನ ಮಾಡಿಕೊಂಡು ನೋಡಿದೆ. ಎಷ್ಟೋ ಕಡೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳ ಕೈ ಒಂದು ಕ್ಷಣ ತಡವರಿಸಿದಾಗ ನನ್ನ ಎದೆ ಧಸಕ್ ಅಂದಿತು. ಅಳು ಬರಲಿಲ್ಲ. ಒಣಗಿದವರಿಗೆ ಎದೆ ಧಸಕ್ ಅನ್ನುತ್ತದಾ?

ಹೊಸವುಗಳ ಮೇಲೆ ನನ್ನ ದೂರು ಇನ್ನೂ ಇವೆ ಮತ್ತೆ. ಹಿನ್ನೆಲೆ ಸಂಗೀತ ಕತ್ತು ಹಿಡಿದು ಅಳು ಅಳು ಅನ್ನುತ್ತದೆ. ಪಿಸುಮಾತು ಕೇಳಿಸುವುದಿಲ್ಲ, ಸಿಡಿಮದ್ದು ಕಿವಿ ಒಡೆಯುತ್ತದೆ. ರಾತ್ರಿಯ ದೃಶ್ಯ ಅಂದರೆ ಪರದೆಯೇ ಆರಿಹೋಗಿರುತ್ತದೆ. ಕಪ್ಪು-ಬಿಳುಪಿನಲ್ಲಿ ಕತ್ತಲೆಯೊಳಗೂ ಒಂದು ಕಣ್ಣಂಚು ಕಾಣುವ ಹಾಗೆ ದೀಪ ಇಡುತ್ತಿದ್ದರು. ಆದರೆ ನಟನೆಯ ವಿಷಯಕ್ಕೆ ಬಂದರೆ ಈಗಿನ ಮಕ್ಕಳು ಎಷ್ಟು ಸಣ್ಣದರಲ್ಲಿ ಎಷ್ಟು ಹೇಳುತ್ತಾರೆ! ಇಷ್ಟು ಒಪ್ಪಿಕೊಳ್ಳಲು ನನಗೆ ಅರವತ್ತು ದಾಟಬೇಕಾಯಿತು.

ಈಗ ಆ ಸಮಾಧಾನ ಆಗದ ವಿಷಯ. ನಿನ್ನಮ್ಮ ನನ್ನ ಜೊತೆ ಸಿನಿಮಾ ನೋಡುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೇ ಅಂತ ನಾವಿಬ್ಬರೂ ಹೇಳಿಕೊಂಡು ಬಂದಿದ್ದೇವೆ. ನಿಜ ಅದಲ್ಲ. ಅವಳಿಗೆ ಆಗ 19. ಅವಳೇ ಟಿಕೆಟ್ ತಂದು, ಅಕ್ಕಾ ಬಾ ಅಂತ ಕರೆದುಕೊಂಡು ಹೋದಳು. ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ಹೊಸ ಸಿನಿಮಾ. ನಾನು ಉದ್ದಕ್ಕೂ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ, ಇದು ಅಲ್ಲಿಂದ ಕದ್ದದ್ದು, ಈ ಶಾಟ್ ಇಲ್ಲಿಂದ ಎತ್ತಿದ್ದು, ಅಂತ. ಕೊನೆಗೆ ಒಂದು ದೃಶ್ಯ. ಬರುವುದಿಲ್ಲ ಅಂತ ಗೊತ್ತಿದ್ದವನಿಗಾಗಿ ತಾಯಿ ದೀಪ ಆರಿಸದೆ ಬಾಗಿಲಲ್ಲಿ ಕೂತಿರುತ್ತಾಳೆ. ನಿನ್ನಮ್ಮ ಬಿಕ್ಕಿದಳು. ನಾನು ನಕ್ಕೆ. ಇಷ್ಟಕ್ಕೆಲ್ಲ ಅಳ್ತೀಯೇನೇ ಅಂದೆ. ಕತ್ತಲಲ್ಲಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅಷ್ಟು ಹೊತ್ತು ನನ್ನ ಕೈ ಹಿಡಿದಿದ್ದಳು ಅಂತ ನನಗೆ ಗೊತ್ತಾದದ್ದೇ ಆಗ.

ಅವಳು ಜಗಳ ಆಡಲಿಲ್ಲ. ಮತ್ತೆ ಯಾವತ್ತೂ ಕರೆಯಲಿಲ್ಲ, ಅಷ್ಟೇ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಟಿವಿಯಲ್ಲಿ ಅದೇ ಚಿತ್ರ ಬರುತ್ತಿತ್ತು. ನಾನು ಹಾಕಿದಾಗ ಅರ್ಧ ಮುಗಿದಿತ್ತು. ಆ ದೀಪ, ಆ ಬಾಗಿಲು. ಒಬ್ಬಳೇ ಕೂತು ಅತ್ತೆ. ಸಿನಿಮಾ ಅಷ್ಟೇನೂ ದೊಡ್ಡದಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೂ ಅತ್ತೆ. ಫೋನು ಕೈಯಲ್ಲೇ ಇತ್ತು. ನಿನ್ನಮ್ಮನಿಗೆ ಮಾಡಲಿಲ್ಲ.

ಅದಕ್ಕೇ ನಿನ್ನ ಸಾಲು ನನ್ನನ್ನು ಬಿಡುತ್ತಿಲ್ಲ. ನೀನು ಒಣಗಿದ್ದೀಯ ಅಂತ ನನಗೆ ಹೆದರಿಕೆ ಇಲ್ಲ. ಒಣಗಿದವನು ಅದನ್ನು ಬರೆದು ಕಳಿಸುವುದಿಲ್ಲ. ಆ ದಿನ ನಿನ್ನ ಪಕ್ಕದಲ್ಲಿ ಯಾರು ಕೂತಿದ್ದರು, ಮುಗಿದ ಮೇಲೆ ಅವರಿಗೆ ನೀನು ಏನಂದೆ, ಅದನ್ನು ಪತ್ರದಲ್ಲಿ ಬರೆದಿಲ್ಲ ನೋಡು. ಅದೇ ಹೆದರಿಕೆ.

ಹೀಗೆ ಮಾಡು ಹಾಗೆ ಮಾಡು ಅನ್ನಲು ನನಗೆ ಮುಖ ಇಲ್ಲ. ಕೇಳಿದ್ದೀಯ ಅಂತ ಒಂದೆರಡು ಬರೆಯುತ್ತೇನೆ, ಬೇಡ ಅಂದರೆ ಬಿಡು. ಸಿನಿಮಾ ಮುಗಿದ ಮೇಲೆ ಒಂದು ಅರ್ಧ ಗಂಟೆ ಅಭಿಪ್ರಾಯ ಹೇಳಬೇಡ. ಮೊದಲು ಪಕ್ಕದವರ ಮಾತು ಕೇಳು. ನೋಡುವ ಮೊದಲು ವಿಮರ್ಶೆ ಓದಬೇಡ, ಹೊಸದಕ್ಕೂ ಹಳೆಯದಕ್ಕೂ. ಇನ್ನೊಂದು, ಇದಕ್ಕೆ ಸಂಬಂಧವೇ ಇಲ್ಲ, ಆದರೂ ಹೇಳುತ್ತೇನೆ. ನಿನ್ನ ಹೊಸ ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಇಲ್ಲದ ಫ್ರೇಮುಗಳನ್ನು ತುರುಕಿ ಎಲ್ಲವನ್ನೂ ಧಾರಾವಾಹಿ ಮಾಡಿಬಿಡುತ್ತದೆ. ನಿನಗೆ ಏನೂ ತಟ್ಟದಿರಲು ಅದೂ ಒಂದು ಕಾರಣ ಇರಬಹುದು. ನಗಬೇಡ.

ಎಣಿಸುವುದನ್ನು ಬಿಡು ಅನ್ನುವುದಿಲ್ಲ. ಎರಡನೇ ಸಲ ನೋಡುವಾಗ ಎಣಿಸು.

ಒಂದು ಸಹಾಯ ಮಾಡುತ್ತೀಯಾ? ಆ ಸಿನಿಮಾದ ಹೆಸರು ನನಗೆ ಗೊತ್ತಿಲ್ಲ. ಮೊದಲ ಸಲ ಹೆಸರು ನೆನಪಿಟ್ಟುಕೊಳ್ಳುವಷ್ಟು ಬೆಲೆ ಕೊಡಲಿಲ್ಲ, ಎರಡನೇ ಸಲ ಅರ್ಧದಿಂದ ನೋಡಿದೆ. ಬಾಗಿಲು, ದೀಪ ಅಂತ ಹೇಳಿ ನಿನ್ನಮ್ಮನನ್ನು ಕೇಳಿ ನೋಡು. ನಾನು ಕೇಳಿದೆ ಅಂತ ಹೇಳಬೇಡ.

ಹೇಳಿದರೂ ಪರವಾಗಿಲ್ಲ.

ನಿನ್ನ ದೊಡ್ಡಮ್ಮ