ಟ್ಯೂನಿಂಗ್ ರೇಟ್ ಯಾಕೆ ಏರಿಸಿದ್ವಿ, ರೀಡ್ ಬರೋಕೆ ಯಾಕಷ್ಟು ದಿನ: ನಮ್ಮ ಅಕಾರ್ಡಿಯನ್ ಗ್ರಾಹಕರಿಗೆ

ಎಲ್ಲರಿಗೂ ನಮಸ್ಕಾರ.

ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಯೋದಿದ್ರೆ ಬೈಯಿರಿ. ಮುಂದಿನ ತಿಂಗಳು 1ನೇ ತಾರೀಕಿಂದ ಇಟಲಿ ಅಕಾರ್ಡಿಯನ್‌ಗಳಿಗೆ ಅಗ್ಗದ ರೀಡ್ (ಗಾಳಿಗೆ ಅದುರಿ ಸ್ವರ ಕೊಡೋ ಲೋಹದ ನಾಲಿಗೆ) ಹಾಕೋದು ನಿಲ್ಲಿಸ್ತಾ ಇದೀವಿ. ಇನ್ಮೇಲೆ ಇಟಲಿಯ ಕಾಸ್ಟೆಲ್‌ಫಿದಾರ್ದೊ ಊರಿಂದ ಬಂದ ರೀಡೇ, ಅದಕ್ಕೆ ಅರ್ಧ ದುಡ್ಡು ಅಡ್ವಾನ್ಸ್, ಆರ್ಡರ್ ಹಾಕೋದು ವರ್ಷಕ್ಕೆ ಎರಡೇ ಸಲ. ಪೂರ್ತಿ ಟ್ಯೂನಿಂಗ್ 18,000 ಇದ್ದದ್ದು 24,000 ಆಗತ್ತೆ. ಅಪ್ಪನ ಕಾಲದಿಂದ ಬರ್ತಿರೋರು ನೀವು, ನಮ್ಮ ಅಕಾರ್ಡಿಯನ್ ರಿಪೇರಿ ಅಂಗಡಿ ಕಥೆಯೆಲ್ಲ ಮತ್ತೆ ಹೇಳೋ ಅಗತ್ಯ ಇಲ್ಲ.

ನಮ್ಮ ಕಡೆ ಒಂದು ತಪ್ಪಾಗಿದೆ. ಹೋದ ವರ್ಷ ನಿಮಗೆ ಖರ್ಚು ಕಮ್ಮಿ ಆಗ್ಲಿ ಅಂತ ಕಡಿಮೆ ರೇಟಿನ ರೀಡ್ ಸೆಟ್ ತರಿಸಿ ಆರೇಳು ಅಕಾರ್ಡಿಯನ್ ಪೆಟ್ಟಿಗೆಗೆ ಹಾಕಿದ್ವಿ, ಎಲ್ಲಿಂದ ತರಿಸಿದ್ವಿ ಅನ್ನೋದು ಬೇಡ. ಮೂರು ತಿಂಗಳೂ ತಾಳ್ಲಿಲ್ಲ. ಒಂದು ಚರ್ಚ್ ಕ್ವಾಯರ್‌ನವ್ರ ಪೆಟ್ಟಿಗೆ ಕ್ರಿಸ್‌ಮಸ್ ರಾತ್ರಿ ಪೂಜೆ ಮಧ್ಯದಲ್ಲೇ ಕೈಕೊಡ್ತು. ಅದನ್ನ ನುಡಿಸೋ ಅಂಕಲ್ ಜಗಳ ಆಡ್ಲಿಲ್ಲ, ಕೌಂಟರ್ ಮೇಲಿಟ್ಟು ಬೆಲ್ಲೋಸ್ (ಮಡಿಕೆ ಮಡಿಕೆ ಗಾಳಿ ತಿದಿ) ಎಳೆದು ಒಂದು ಕೀ ಒತ್ತಿದ್ರು, ಸ್ವರ ಇಲ್ಲ, ಬರೀ ಉಸ್ಸಂತ ಗಾಳಿ. ಅಷ್ಟೇ, ಹೊರಟೋದ್ರು. ಬೈದಿದ್ರೇ ವಾಸಿ ಇತ್ತು. ಆ ಪೆಟ್ಟಿಗೆಗಳನ್ನ ತಂದುಕೊಡಿ, ಹೊಸ ರೀಡು ನಮ್ಮ ಖರ್ಚಲ್ಲೇ.

ಆದ್ರೆ ರೇಟ್ ವಿಷಯಕ್ಕೆ ಕ್ಷಮೆ ಕೇಳಲ್ಲ. "ಒಂದು ರೀಡ್ ಹೋಗಿದೆ ಅಷ್ಟೇ, ಅರ್ಧ ಗಂಟೆ ಕೆಲಸ" ಅಂತೀರಲ್ಲ, ಸ್ವಲ್ಪ ಲೆಕ್ಕ ಹಾಕಿ ನೋಡಿ. 41 ಕೀ, 120 ಬಾಸ್, ಬಲಗಡೆ ನಾಲ್ಕು ವಾಯ್ಸ್ (ಅಂದ್ರೆ ರೀಡ್ ಸಾಲು), ಎಡಗಡೆ ಐದು ಇರೋ ಪೆಟ್ಟಿಗೆ ಅಂದ್ರೆ ಬಲಕ್ಕೆ 164 ರೀಡ್ ಪ್ಲೇಟು, ಎಡಕ್ಕೆ 12 ಸ್ವರಕ್ಕೆ ಐದೈದರಂತೆ 60, ಒಂದೊಂದು ಪ್ಲೇಟಿಗೂ ಎರಡು ನಾಲಿಗೆ (ಎಳೆಯುವಾಗ ಒಂದು, ಒತ್ತುವಾಗ ಒಂದು), ಒಟ್ಟು 448. ಸ್ವರ ಏರಿಸ್ಬೇಕಾ, ನಾಲಿಗೆ ತುದಿ ಹತ್ರ ಕೆರೀಬೇಕು, ಇಳಿಸ್ಬೇಕಾ, ಬುಡದ ರಿವೆಟ್ ಹತ್ರ ಕೆರೀಬೇಕು, ಒಂದು ಕೂದಲಷ್ಟು ಜಾಸ್ತಿ ಆದ್ರೆ ಆ ನಾಲಿಗೆ ಕಸದ ಬುಟ್ಟಿಗೆ. ಪ್ಲೇಟ್ ಕೂರಿಸಿರೋದು ಜೇನುಮೇಣ ಮತ್ತೆ ರಾಳ ಕಾಯಿಸಿ. ಏಪ್ರಿಲ್ ಬಿಸಿಲಲ್ಲಿ ಕಾರ್ ಡಿಕ್ಕಿಲಿ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋಗಿ ಬಂದ ಒಬ್ಬರದ್ದು ಮೇಣ ಕರಗಿ ರೀಡೆಲ್ಲ ಒಳಗೆ ಉದುರಿತ್ತು, ಅಲ್ಲಾಡಿಸಿದ್ರೆ ಗಿಲಕಿ ಥರ ಸದ್ದು. ಅದಕ್ಕೂ ನಮ್ಮ ಕೆಲಸ ಸರಿಯಿಲ್ಲ ಅಂದ್ರು! ಇದರ ಮೇಲೆ ಯೂರೋ ರೇಟು, ಕೊರಿಯರ್, ಕಸ್ಟಮ್ಸು, ಬ್ಯಾಂಕಿನವ್ರ ಕಮಿಷನ್. ಅದೆಲ್ಲ ನಮ್ಮ ಜೇಬಿಗೆ ಹೋಗತ್ತೆ ಅಂದ್ಕೊಂಡಿರೋರು ಒಂದ್ಸಲ ಬಂದು ಬಿಲ್ ನೋಡಿ, ಕಾಫಿ ಕೊಡಿಸ್ತೀನಿ.

ಇನ್ನು ವಾರಕ್ಕೆ ನಾಲ್ಕು ಸಲ ಕೇಳೋ ಮಾತು: "ಇಟಲಿ ಅನ್ನೋದು ಬರೀ ಸ್ಟಿಕ್ಕರ್, ಈಗೆಲ್ಲ ಚೈನಾದಲ್ಲೇ ಮಾಡೋದು, ನೀವು ಹೆಸರಿಗೆ ದುಡ್ಡು ಕೀಳ್ತೀರ." ಸ್ಟಿಕ್ಕರ್ ಇಟಲಿದು, ಒಳಗಿರೋದು ಬೇರೆ ಅನ್ನೋ ಪೆಟ್ಟಿಗೆಗಳು ಇವೆ, ಇಲ್ಲ ಅನ್ನಲ್ಲ, ನಮ್ಮ ಬೆಂಚ್ ಮೇಲೂ ಬಂದಿವೆ. ಆದ್ರೆ ಆ ಊರೇ ಸುಳ್ಳು ಅಂದ್ರೆ ಒಪ್ಪಲ್ಲ.

ಕಾಸ್ಟೆಲ್‌ಫಿದಾರ್ದೊ ಅಂದ್ರೆ ಅಂಕೋನಾ ಹತ್ರ ಗುಡ್ಡದ ಮೇಲಿರೋ ಸಣ್ಣ ಊರು, ಸುತ್ತ ಹೊಲ. ಪಕ್ಕದಲ್ಲೇ ಲೊರೆಟೊ ಅನ್ನೋ ಮಾತೆ ಮರಿಯಮ್ಮನ ಯಾತ್ರಾಸ್ಥಳ, ಬಂಟ್ವಾಳದ ಕಡೆಯವ್ರಿಗೆ ಹೆಸರು ತಕ್ಷಣ ಹೊಳೆಯತ್ತೆ, ಅವರ ಲೊರೆಟ್ಟೊ ಮಾತೆ ಚರ್ಚಿನ ಹೆಸರು ಅಲ್ಲಿಂದ್ಲೇ ಬಂದಿದ್ದು. 1863ರಲ್ಲಿ ಲೊರೆಟೊ ಯಾತ್ರೆಗೆ ಹೊರಟಿದ್ದ ಒಬ್ಬ ಆಸ್ಟ್ರಿಯಾದವನು ಸೊಪ್ರಾನಿ ಅನ್ನೋ ರೈತರ ಮನೇಲಿ ರಾತ್ರಿ ಉಳ್ಕೊಂಡ, ಅವನ ಹತ್ರ ವಿಯೆನ್ನಾ ಕಡೆಯ ಪೆಟ್ಟಿಗೆ ಇತ್ತು (ಸಿರಿಲ್ ಡೆಮಿಯನ್ ಅನ್ನೋರು 1829ರಲ್ಲಿ ಅಲ್ಲೇ ಅಕಾರ್ಡಿಯನ್ ಅಂತ ಪೇಟೆಂಟ್ ತಗೊಂಡಿದ್ರು), ಮನೆ ಹುಡುಗ ಪಾವ್ಲೊ ಅದನ್ನ ಬಿಚ್ಚಿ ನೋಡಿ ತಾನೇ ಮಾಡೋಕೆ ಶುರು ಮಾಡ್ದ ಅಂತ ಊರವ್ರು ಕಥೆ ಹೇಳ್ತಾರೆ. ಯಾತ್ರಿಕ ಬಂದಿದ್ದು ನಿಜಾನೋ ಏನೋ, ಪಾವ್ಲೊ ಸೊಪ್ರಾನಿ ಅಂತೂ ನಿಜ, ಅವನ ಹೆಸರಿನ ಪೆಟ್ಟಿಗೆ ನಿಮ್ಮಲ್ಲಿ ಮೂರು ಜನರ ಹತ್ರ ಇದೆ. ಕೊಳ್ಳೋರನ್ನ ಹುಡುಕ್ಕೊಂಡು ಹೋಗ್ಬೇಕಾಗಿರ್ಲಿಲ್ಲ, ಲೊರೆಟೊಗೆ ಬರೋ ಯಾತ್ರಿಕರೇ ಇದ್ರು. ಆಮೇಲೆ ಇಟಲಿಯಿಂದ ಅಮೆರಿಕ, ಅರ್ಜೆಂಟೀನಾಕ್ಕೆ ದುಡಿಯೋಕೆ ಹೋದೋರ ಜೊತೆ ಪೆಟ್ಟಿಗೇನೂ ಹಡಗು ಹತ್ತಿತು.

ಅಂದ್ಹಾಗೆ ನೀವು ಎಡಗೈಲಿ ಒತ್ತೋ 120 ಬಟನ್ ಸಾಲಿಗೆ ಸ್ಟ್ರಾಡೆಲ್ಲಾ ಬಾಸ್ ಅಂತೀವಲ್ಲ, ಅದು ಬೇರೆ ಊರು, ಉತ್ತರ ಇಟಲಿಯ ಪಾವಿಯಾ ಕಡೆ, 1876ರಲ್ಲಿ ಮರಿಯಾನೊ ದಲ್ಲಾಪೆ ಅಲ್ಲಿ ಕಾರ್ಖಾನೆ ಶುರು ಮಾಡಿದ್ರು. ಅದರ ಕಥೆ ಇನ್ನೊಂದ್ಸಲ.

1950ರ ದಶಕದ ಶುರುವಲ್ಲಿ ಕಾಸ್ಟೆಲ್‌ಫಿದಾರ್ದೊ, ಸುತ್ತಲ ಊರುಗಳಿಂದ ವರ್ಷಕ್ಕೆ ಸುಮಾರು 2 ಲಕ್ಷ ಪೆಟ್ಟಿಗೆ ಹೊರದೇಶಕ್ಕೆ ಹೋಗ್ತಿತ್ತು. ಆಮೇಲೆ ರಾಕ್ ಅಂಡ್ ರೋಲ್ ಬಂತು, ಹುಡುಗರ ಕೈಗೆ ಗಿಟಾರ್ ಬಂತು, ಆರ್ಡರ್ ಬಿದ್ದೋಯ್ತು. ಆ ಜನ ಕೈಕಟ್ಟಿ ಕೂರ್ಲಿಲ್ಲ. ಪಕ್ಕದ ರೆಕನಾಟಿಲಿ ಎಕೊ ಅಂತ ಗಿಟಾರ್ ಮಾಡಿದ್ರು, ಅಕಾರ್ಡಿಯನ್ ಕಂಪನಿಗಳೇ ಸೇರಿ ಮಾಡ್ಕೊಂಡಿದ್ದ ಫಾರ್ಫೀಸಾ ಎಲೆಕ್ಟ್ರಾನಿಕ್ ಆರ್ಗನ್ ತಂತು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವ್ರು ನುಡಿಸಿದ್ದು ಅದನ್ನೇ. 80ರ ದಶಕದಲ್ಲಿ ಜಪಾನಿನ ಡಿಜಿಟಲ್ ಕೀಬೋರ್ಡ್ ಬಂದು ಅದಕ್ಕೂ ಹೊಡೆತ ಬಿತ್ತು. ನಮ್ಮ ಆರ್ಕೆಸ್ಟ್ರಾದವ್ರೂ ಅದೇ ಟೈಮಲ್ಲಿ ಅಕಾರ್ಡಿಯನ್ ಅಟ್ಟಕ್ಕೆ ಹಾಕಿ ಯಮಹಾ ತಗೊಂಡ್ರಲ್ಲ, ಹೆಸರು ಹೇಳಲ್ಲ, ಇದನ್ನ ಓದ್ತಾ ಇದಾರೆ.

ಉಳ್ಕೊಂಡಿದ್ದು ಕೈಕೆಲಸದ ಸಣ್ಣ ಸಣ್ಣ ವರ್ಕ್‌ಶಾಪು. ಪಿಗಿನಿ, ಬುಗಾರಿ ಅಂತ ಅಕಾರ್ಡಿಯನ್ ಕಂಪನಿಗಳ ಹೆಸರು ಕೇಳಿರ್ತೀರ, ಆದ್ರೆ ಆ ಊರಲ್ಲಿ ಒಂದೇ ಸೂರಿನಡಿ ಎಲ್ಲ ಆಗಲ್ಲ. ರೀಡ್ ಮಾಡೋರು ಒಬ್ರು, ಬೆಲ್ಲೋಸ್ ಮಡಚೋರು ಇನ್ನೊಬ್ರು, ಮರದ ಕೆಲಸ ಮತ್ತೊಬ್ರು. ಬೆಲ್ಲೋಸ್ ಅಂದ್ರೆ ರಟ್ಟು, ಬಟ್ಟೆ, ಮೂಲೆಮೂಲೆಗೆ ಚರ್ಮ, ಅದನ್ನ ಅಂಟಿಸೋದು ಕೈಯಲ್ಲೇ. ಒಳ್ಳೇ ರೀಡಿಗೆ ಇಟಾಲಿಯನ್ ಭಾಷೇಲಿ "ಆ ಮಾನೊ" ಅಂತಾರೆ, ಅಂದ್ರೆ ಕೈಯಿಂದ ಮಾಡಿದ್ದು. ಉಕ್ಕಿನ ಪಟ್ಟಿಯನ್ನ ನಾಲಿಗೆಗೆ ಒಂದರಂತೆ ಕತ್ತರಿಸಿ ತಿದ್ದೋದು, ಎರಡೂ ಅಂಚಲ್ಲಿ ಆ ಉಕ್ಕಿನ ನೀಲಿ ಗೆರೆ ಉಳ್ಕೊಂಡಿರತ್ತೆ. ಬೆಳಕಿಗೆ ಹಿಡಿದ್ರೆ ನಾಲಿಗೆ ಸುತ್ತ ಕೂದಲೆಳೆ ಬೆಳಕೂ ಕಷ್ಟಪಟ್ಟು ಕಾಣತ್ತೆ. ಅಗ್ಗದ ರೀಡಲ್ಲಿ ಸಂದಿ ಅಗಲ, ಗಾಳಿ ಸೋರಿಹೋಗತ್ತೆ, ನೀವು ಬೆಲ್ಲೋಸ್ ಎಳೆದು ಎಳೆದು ಭುಜ ನೋವು ಅಂತ ಡಾಕ್ಟರ್ ಹತ್ರ ಹೋಗ್ತೀರ. ಹಾರ್ಮೋನಿಯಂ ರೀಡ್ ಹಾಕ್ಬಾರ್ದಾ ಅಂತ ಕೇಳಿದ್ರಲ್ಲ ಒಬ್ರು, ಅದು ಹಿತ್ತಾಳೆ ಸ್ವಾಮಿ, ಇದು ಉಕ್ಕು.

ಹೀಗೆ ಕೈಯಲ್ಲಿ ಮಾಡೋ ಜನಕ್ಕೆ ಇವತ್ತು ಫೋನ್ ಮಾಡಿ ನಾಳೆ ಕಳ್ಸಿ ಅನ್ನೋಕಾಗಲ್ಲ. ನಾಲ್ಕು ಪ್ಲೇಟಿಗೋಸ್ಕರ ಒಂದು ಪಾರ್ಸಲ್ ತರಿಸಿದ್ರೆ ಕೊರಿಯರ್ ಖರ್ಚೇ ರೀಡಿನ ರೇಟ್ ದಾಟತ್ತೆ. ಅದಕ್ಕೇ ಎಲ್ಲರದ್ದೂ ಸೇರಿಸಿ ಫೆಬ್ರವರಿಲಿ ಒಂದು, ಜುಲೈಲಿ ಒಂದು ಆರ್ಡರ್. ಆಗಸ್ಟಲ್ಲಿ ಅಲ್ಲಿ ರಜಾ, ಮೇಲ್ ಹಾಕಿದ್ರೂ ಉತ್ತರ ಬರಲ್ಲ, ನನ್ನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಈಗಾಗ್ಲೇ ಅಂಗಡಿಲಿರೋ ಒಂಬತ್ತು ಪೆಟ್ಟಿಗೆಗೆ ಹಳೇ ರೇಟೇ, ಮಾತು ಕೊಟ್ಟಾಗಿದೆ. ಬೆಲ್ಟು, ಕೀ ಅಂಟ್ಕೊಳ್ಳೋದು, ಬೆಲ್ಲೋಸ್ ಟೇಪ್ ಇಂಥ ಸಣ್ಣ ಕೆಲಸದ ರೇಟ್ ಏರಿಸಿಲ್ಲ. ಪಾಠ ಕಲಿಯೋ ಮಕ್ಕಳ ಪೆಟ್ಟಿಗೆಗೆ ಅಡ್ವಾನ್ಸ್ ಬೇಡ, ಕಂತಲ್ಲಿ ಕೊಡಿ. ರಿಪೇರಿ ಮಾಡೋದು ನಾನೇ, ಮಳೆಗಾಲದಲ್ಲಿ ರೀಡ್ ತುಕ್ಕು ಹಿಡಿದ್ರೂ ಬೇರೆಯವ್ರ ಕೈಗೆ ಕೊಡಲ್ಲ.

ಕ್ರಿಸ್‌ಮಸ್‌ಗೆ ಬೇಕು ಅನ್ನೋರು ಜುಲೈ 10ರೊಳಗೆ ಪೆಟ್ಟಿಗೆ ತಂದು ತೋರ್ಸಿ. ಮಂಗಳವಾರ ಅಂಗಡಿ ಇರಲ್ಲ.