ನಮ್ಮವ್ವನ ನಡಿಗೆಯಲ್ಲಿ ತಪ್ಪಿಲ್ಲ

ಗೆ,
ಗ್ರಾಹಕ ದೂರು ಅಧಿಕಾರಿಗಳು,
ಸ್ಮಾರ್ಟ್ ಹೋಮ್ ವಿಭಾಗ, ಬೆಂಗಳೂರು.

ವಿಷಯ: ಪ್ಯಾಸೇಜ್ ಮತ್ತು ಬಚ್ಚಲುಮನೆಯ ಮೋಷನ್ ಸೆನ್ಸಾರ್ ಲೈಟು ಹತ್ತದಿರುವುದು, ನಿಮ್ಮ ಸರ್ವಿಸಿನವರು ನಮ್ಮ ತಾಯಿಯೊಂದಿಗೆ ನಡೆದುಕೊಂಡ ರೀತಿ.

ಮಾನ್ಯರೆ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಮೊದಲ ದೂರಲ್ಲ. ಮಾರ್ಚ್ ಮೊದಲ ವಾರದಿಂದ ಒಂಬತ್ತು ಸಲ ಫೋನ್ ಮಾಡಿದ್ದೇನೆ, ಒಂಬತ್ತು ಸಲವೂ ದನಿ ಎತ್ತದೆ ಮಾತಾಡಿದ್ದೇನೆ. ಆ ಅಷ್ಟೂ ದೂರುಗಳನ್ನು ನೀವು ‘ಬಗೆಹರಿದಿದೆ’ ಎಂದು ಮುಚ್ಚಿದ್ದೀರಿ. ಆ ಮೆಸೇಜುಗಳನ್ನು ನಾನು ಅಳಿಸಿಲ್ಲ. ಮೇ 11ರ ರಾತ್ರಿ ನಮ್ಮವ್ವ ಅದೇ ಪ್ಯಾಸೇಜಿನ ಕತ್ತಲಲ್ಲಿ ಬಿದ್ದಳು. ಎಡಗೈ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರ್. ಇನ್ನು ಫೋನ್ ಮಾಡುವುದಿಲ್ಲ.

ನಾವು ಈ ಸಾಮಾನನ್ನು ಶೋಕಿಗೆ ತಗೊಂಡವರಲ್ಲ. ಅವ್ವನಿಗೆ 76 ವರ್ಷ, ಎರಡೂ ಮೊಣಕಾಲಿಗೆ ಆಪರೇಶನ್ ಆಗಿದೆ. ರಾತ್ರಿ ಎರಡು ಮೂರು ಸಲ ಎದ್ದು ಬಚ್ಚಲಿಗೆ ಹೋಗುತ್ತಾಳೆ. ಸ್ವಿಚ್ಚು ಪ್ಯಾಸೇಜಿನ ಆ ತುದಿಗಿದೆ, ನೆಲ ಶಹಾಬಾದ್ ಫರ್ಶಿ, ನಡುವೆ ಒಂದು ಹೊಸ್ತಿಲು. ‘ಹಿರಿಯರಿರುವ ಮನೆಗೆ’ ಎಂದು ನಿಮ್ಮ ಜಾಹೀರಾತಿನಲ್ಲೇ ಇತ್ತು. ಕೋಲು ಹಿಡಿದ ಅಜ್ಜಿಯ ಚಿತ್ರವೂ ಇತ್ತು. ಅದನ್ನು ನಂಬಿ ಹಬ್ಬು (ಸೆನ್ಸಾರು, ಬಲ್ಬುಗಳನ್ನು ಒಂದಕ್ಕೊಂದು ಜೋಡಿಸುವ ಉಪಕರಣ), ಎರಡು ಸೆನ್ಸಾರು, ಬಲ್ಬು, ಫಿಟ್ಟಿಂಗ್ ಎಲ್ಲ ಸೇರಿ 21,600 ರೂಪಾಯಿ ಕೊಟ್ಟೆ. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ.

ಈಗ ಏಪ್ರಿಲ್ 26ರ ಸಂಗತಿ. ಇದನ್ನು ಪೂರ್ತಿ ಓದಲೇಬೇಕು, ಯಾಕೆಂದರೆ ನಿಮ್ಮ ಕಡತದಲ್ಲಿ ಇದು ಒಂದೇ ಸಾಲಿನಲ್ಲಿದೆ.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಕಡೆಯ ಹುಡುಗ ಬಂದ. ನಮ್ಮ ಕಲಬುರಗಿಯವನೇ, ಒಳ್ಳೆಯ ಹುಡುಗ, ಅವನ ಮೇಲೆ ನನ್ನ ದೂರಿಲ್ಲ. ಮನೆಗೆ ಮಂದಿ ಬರುತ್ತಾರೆಂದು ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು, ಚಹಕ್ಕೆ ಇಡಿಸಿದ್ದಳು. ಹುಡುಗ ಬೆಂಗಳೂರಿನ ಸೀನಿಯರ್ ಒಬ್ಬರಿಗೆ ವಿಡಿಯೊ ಕಾಲ್ ಹಚ್ಚಿದ. ಅವರು ಪರದೆ ಎಳೆಸಿ ಕತ್ತಲು ಮಾಡಿಸಿದರು. ಆಮೇಲೆ, “ಯಾರು ಯೂಸ್ ಮಾಡ್ತಾರೋ ಅವ್ರನ್ನೇ ನಡೆಸಿ,” ಅಂದರು. ಅವ್ವ ಎದ್ದು ನಡೆದಳು. ಲೈಟು ಹತ್ತಲಿಲ್ಲ. “ಇನ್ನೊಂದ್ಸಲ.” ನಡೆದಳು. ಹತ್ತಲಿಲ್ಲ. “ಅಜ್ಜಿಗೆ ಸ್ವಲ್ಪ ಸ್ಪೀಡಾಗಿ ನಡೆಯೋಕೆ ಹೇಳಿ ಮೇಡಂ.” ಅವ್ವ, “ಆತು ತಮ್ಮಾ,” ಅಂದು ಮತ್ತೆ ನಡೆದಳು. ನಾಲ್ಕನೇ ಸಲಕ್ಕೆ ಗೋಡೆ ಹಿಡಿದಳು. ಸಾಕು ಅಂದೆ ನಾನು. “ಲಾಸ್ಟ್ ಒಂದ್ಸಲ, ಕೈ ಬೀಸ್ಕೊಂಡು ಬರಲಿ,” ಅಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಗೆ. ಯಾವ ಕೈ ಬೀಸಬೇಕು? ಅವ್ವ ಕೋಲನ್ನು ಗೋಡೆಗೆ ಆನಿಸಿಟ್ಟು, ನಿಂತಲ್ಲೇ ಬಲಗೈ ಎತ್ತಿ ಆಚೆ ಈಚೆ ಬೀಸಿದಳು. ಲೈಟು ಹತ್ತಿತು. “ನೋಡಿದ್ರಾ ಮೇಡಂ, ವರ್ಕ್ ಆಗ್ತಿದೆ. ಪ್ರಾಡಕ್ಟ್ ಇಶ್ಯೂ ಅಲ್ಲ, ಅಜ್ಜಿ ಮೂವ್‌ಮೆಂಟ್ ಸಾಕಾಗ್ತಿಲ್ಲ ಅಷ್ಟೇ.” ಫೋನಿನಲ್ಲಿ ಹಿಂದಿನಿಂದ ಯಾರೋ ನಕ್ಕಿದ್ದು ನಮಗೆಲ್ಲ ಕೇಳಿಸಿತು. ಅವ್ವನಿಗೂ ಕೇಳಿಸಿತು, ಆಕೆಯ ಕಿವಿ ಚುರುಕಾಗಿವೆ. ಸರ್ವಿಸ್ ಶೀಟಿನ ಮೇಲೆ ‘ಬಳಕೆದಾರರ ಚಲನೆ ಸಾಲದು’ ಎಂದು ಬರೆಸಿ ಸಹಿ ಕೇಳಿದರು. ನಾನು ಸಹಿ ಮಾಡಲಿಲ್ಲ.

ಹುಡುಗ ಹೋದ ಮೇಲೆ ಅವ್ವ ಕೇಳಿದಳು: “ನಂದೇನರ ತಪ್ಪಾತೇನ ಯವ್ವಾ?” ಅಂದಿನಿಂದ ರಾತ್ರಿ ಎದ್ದಾಗಲೆಲ್ಲ ಬಾಗಿಲಲ್ಲಿ ನಿಂತು ಆ ಡಬ್ಬಿಗೆ ಕೈ ಬೀಸುತ್ತಿದ್ದಳು. ಒಂದು ರಾತ್ರಿ ನಾನೇ ನೋಡಿದೆ. ಮರುದಿನವೆಲ್ಲ ನನಗೆ ಯಾವ ಕೆಲಸವನ್ನೂ ಮಾಡಲಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನೀವು ನಮ್ಮಲ್ಲಿ ಕೂರಿಸಿರುವುದು ಪಿಐಆರ್ ಎಂಬ ಬಗೆಯ ಸೆನ್ಸಾರ್. ಅದು ತಾನಾಗಿ ಏನನ್ನೂ ಹೊರಸೂಸುವುದಿಲ್ಲ, ಮೈಯಿಂದ ಹೊರಡುವ ಅವಕೆಂಪು ಕಿರಣದ ಏರುಪೇರನ್ನು ಮಾತ್ರ ಗುರುತಿಸುತ್ತದೆ ಎಂಬುದು ನನಗೆ ಗೊತ್ತು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನುಷ್ಯ ಅದರ ಮುಂದೆ ಅಡ್ಡ ಹಾಯ್ದರೆ ಲೆನ್ಸಿನ ಒಂದು ವಲಯದಿಂದ ಇನ್ನೊಂದಕ್ಕೆ ದಾಟುತ್ತಾನೆ, ಆಗ ಅದು ಬೇಗ ಎಚ್ಚರಾಗುತ್ತದೆ. ನೇರ ಎದುರಿಗೆ ನಡೆದು ಬಂದರೆ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಕೈಪಿಡಿಯಲ್ಲೂ ‘ಓಡಾಟಕ್ಕೆ ಅಡ್ಡಲಾಗಿ ಕೂರಿಸಿ’ ಎಂದೇ ಇದೆ. ನಮ್ಮ ಮನೆಯಲ್ಲಿ ನೀವು ಕೂರಿಸಿದ್ದು ಬಚ್ಚಲ ಬಾಗಿಲ ನೆತ್ತಿಯ ಮೇಲೆ, ಅವ್ವ ನೆಟ್ಟಗೆ ಅದರತ್ತಲೇ ನಡೆದು ಬರುವಂತೆ. ಇನ್ನು ಬಿಸಿಲು. ಇಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಕಾದ ಗೋಡೆ, ಕಾದ ಛಾವಣಿ ರಾತ್ರಿ ಎರಡಾದರೂ ಆರಿರುವುದಿಲ್ಲ. ಗೋಡೆಯ ಬಿಸಿಗೂ ಮೈಬಿಸಿಗೂ ಅಂತರ ಕಮ್ಮಿಯಾದಷ್ಟೂ ಈ ಸೆನ್ಸಾರಿನ ಕಣ್ಣು ಮಂಜಾಗುತ್ತದೆ. ಕಲಬುರಗಿಯಲ್ಲಿ ಮಾರುವ ಮೊದಲು ಇದನ್ನು ಯಾರಾದರೂ ಯೋಚಿಸಬೇಕಿತ್ತು.

ಬಿದ್ದ ರಾತ್ರಿಯ ದಾಖಲೆಯನ್ನು ಆ್ಯಪಿನಿಂದಲೇ ತೆಗೆದಿದ್ದೇನೆ. 1:40ಕ್ಕೆ ‘ಚಲನೆ ಕಂಡಿದೆ’ ಎಂದಿದೆ. ಆಗ ಅಲ್ಲಿ ಯಾರೂ ಇರಲಿಲ್ಲ, ಕೂಲರ್ ಗಾಳಿಗೆ ಪರದೆ ಅಲುಗಿತ್ತು. ಅವ್ವ ಬಿದ್ದದ್ದು 2:10ರ ಸುಮಾರಿಗೆ. ಆ ಹೊತ್ತಿಗೆ ಒಂದು ಸಾಲೂ ಇಲ್ಲ. ಪರದೆ ಕಂಡ ಕಣ್ಣಿಗೆ ನಮ್ಮವ್ವ ಕಾಣಲಿಲ್ಲ.

ಬಚ್ಚಲ ಒಳಗಿನದು ಇನ್ನೂ ಕೆಟ್ಟದ್ದು. ಒಂದು ನಿಮಿಷ ಅಲುಗದೆ ಕೂತರೆ ಲೈಟು ಆರುತ್ತದೆ. ಮೊಣಕಾಲು ಆಪರೇಶನ್ ಆದವಳು ಕತ್ತಲಲ್ಲಿ ಹೇಗೆ ಏಳಬೇಕು? ಸಮಯ ಹೆಚ್ಚಿಸಲು ಕೇಳಿದರೆ ‘ಬ್ಯಾಟರಿ ಬೇಗ ಮುಗಿಯುತ್ತದೆ’ ಎಂಬ ಉತ್ತರ. ಸುಮ್ಮನೆ ಕೂತವರ ಉಸಿರಾಟವನ್ನೂ ಗುರುತಿಸುವ ರೇಡಾರ್ ಸೆನ್ಸಾರ್ ನಿಮ್ಮ ಅಂಗಡಿಯಲ್ಲೇ ಇದೆ. ಬಚ್ಚಲಿಗೆ ಅದು ಬೇಕೆಂದು ಮಾರುವಾಗ ಯಾಕೆ ಹೇಳಲಿಲ್ಲ?

ಇನ್ನೊಂದು. ‘ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ’ ಎಂದು ಡಬ್ಬಿಯ ಮೇಲಿದೆ. ರೌಟರಿಗೆ ಬರುವ ಇಂಟರ್‌ನೆಟ್ ವೈರು ಕಿತ್ತು ನೋಡಿದೆ. ಐದು ಸಲ ಸೆನ್ಸಾರಿಗೆ ಅಡ್ಡ ಹಾಯ್ದೆ, ಐದೂ ಸಲ ಕತ್ತಲು. ವೈರು ಸಿಕ್ಕಿಸಿದ ಮೇಲೆ ಹತ್ತಿತು. ವಿಡಿಯೊ ಮಾಡಿಟ್ಟಿದ್ದೇನೆ.

15 ದಿನದೊಳಗೆ ಈ ಸಾಮಾನೆಲ್ಲ ಬಿಚ್ಚಿಕೊಂಡು ಹೋಗಬೇಕು, ಗೋಡೆಯ ತೂತು ಮುಚ್ಚಿಸಬೇಕು, ಪೂರ್ತಿ ಹಣ ಮತ್ತು ಆಸ್ಪತ್ರೆ ಖರ್ಚು ಕೊಡಬೇಕು. ಆ ಸರ್ವಿಸ್ ಶೀಟಿನ ಸಾಲನ್ನು ತೆಗೆದು, ತಪ್ಪು ಅಳವಡಿಕೆಯದು ಎಂದು ಬರೆದು, ಕೆಳಗೆ ಸಹಿ ಹಾಕಿ ಕಳಿಸಬೇಕು. ಕನ್ನಡದಲ್ಲೇ ಬರೆಯಿರಿ, ಅವ್ವ ಓದುತ್ತಾಳೆ.

ಕೂಪನ್ನು, ಮುಂದಿನ ಖರೀದಿಗೆ ರಿಯಾಯಿತಿ ಎಂದು ಫೋನ್ ಮಾಡಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಊರಿನಲ್ಲೇ ದಾವೆ ಹೂಡಬಹುದು. ನಾನು ಬೆಂಗಳೂರಿಗೆ ಬರುವುದಿಲ್ಲ, ನೀವು ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬರುತ್ತೀರಿ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ನಾನೇ ವಾದಿಸುತ್ತೇನೆ. ಸಹಾಯವಾಣಿ 1915ರಲ್ಲಿ ನಿನ್ನೆಯೇ ದೂರು ದಾಖಲಿಸಿದ್ದೇನೆ. ಬೇಸಿಗೆ ರಜೆ ಇದೆ, ನನಗೆ ಸಮಯವಿದೆ. ವಿಚಾರಣೆಯ ದಿನ ಅವ್ವನನ್ನೂ ಕರೆತರುತ್ತೇನೆ. ಆಕೆ ತನ್ನ ನಡಿಗೆಯಲ್ಲೇ ಬರುತ್ತಾಳೆ. ಆಕೆ ಒಳಗೆ ಬಂದು ಕೂರುವವರೆಗೆ ನಿಮ್ಮ ಆ ಸೀನಿಯರ್ ಎದ್ದು ನಿಂತಿರಬೇಕು.

ಇತಿ,
ನೀವು ಒಂಬತ್ತು ಸಲ ದೂರು ಮುಚ್ಚಿದ ಗ್ರಾಹಕಿ,
ಕಲಬುರಗಿ.

ಲಗತ್ತು: ಬಿಲ್ಲು, ಆ್ಯಪ್ ದಾಖಲೆ, ವಿಡಿಯೊ, ಎಕ್ಸ್‌ರೇ ವರದಿ, ನಾನು ಸಹಿ ಮಾಡದ ಸರ್ವಿಸ್ ಶೀಟು.